ಮೊಳೆ ಹೊಡೆಯದ ಮನೆಗಳು

ನಮ್ಮ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಹೊಡೆದರೆ ಮಾರುವಾಗ ತೂತು ಮುಚ್ಚಬೇಕು. ಮುಚ್ಚಿದ ಜಾಗಕ್ಕೆ ಬಣ್ಣ ಹಚ್ಚಬೇಕು. ಅಷ್ಟಕ್ಕೇ ಹಚ್ಚಿದರೆ ತೇಪೆ ಹಾಕಿದಂತೆ ಕಾಣುತ್ತದೆಂದು ಇಡೀ ಗೋಡೆಗೆ ಹಚ್ಚಬೇಕು. ಅಂದರೆ ಒಂದು ಮೊಳೆಯ ಬೆಲೆ ಒಂದು ಗೋಡೆ. ಇದು ನನ್ನ ಗಂಡನ ಲೆಕ್ಕ, ಇದರಲ್ಲಿ ತಪ್ಪು ಹುಡುಕಲು ನನಗೆ ಇದುವರೆಗೆ ಸಾಧ್ಯವಾಗಿಲ್ಲ. ಹಾಗಾಗಿ ನಮ್ಮ ಮದುವೆಯ ಫೋಟೋ ಒಂದು ರಟ್ಟಿನ ಪೆಟ್ಟಿಗೆಯಲ್ಲೇ ಉಳಿದಿದೆ. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಮುಂದಿನ ಮನೆಗೆ’ ಎಂದಿದೆ. ಪೆಟ್ಟಿಗೆ ಐದು ಮನೆ ದಾಟಿ ಆರನೆಯದಕ್ಕೆ ಬಂದಿತ್ತು. ಯಾರೂ ಬಿಚ್ಚಿರಲಿಲ್ಲ.

ಬಾಡಿಗೆ ಕಟ್ಟಲಾರದೆ ಊರೂರು ಅಲೆಯುವವರು ನಾವಲ್ಲ. ಆರೂ ನಮ್ಮ ಸ್ವಂತ ಮನೆಗಳೇ. ಇಲ್ಲಿಯ ಕಾನೂನು ಇಷ್ಟೇ: ಮನೆ ಮಾರಿ ಬಂದ ಲಾಭದಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಗುತ್ತದೆ, ಆದರೆ ಆ ಮನೆಯಲ್ಲಿ ನೀವೇ ಎರಡು ವರ್ಷ ವಾಸವಿದ್ದರೆ ಒಂದು ಕಾಸೂ ಕೊಡಬೇಕಿಲ್ಲ. ಬೇರೆ ಜನಕ್ಕೆ ಈ ಕಾನೂನು ಜನ್ಮದಲ್ಲಿ ಒಮ್ಮೆ ಉಪಯೋಗಕ್ಕೆ ಬರುತ್ತದೆ. ನನ್ನ ಗಂಡ ಅದನ್ನೇ ಬದುಕು ಮಾಡಿಕೊಂಡ. ಹಾಳುಬಿದ್ದ ಸಣ್ಣ ಮನೆ ಕೊಳ್ಳುವುದು, ಅದರೊಳಗೇ ಇದ್ದುಕೊಂಡು ರಿಪೇರಿ ಮಾಡುವುದು, ಎರಡು ವರ್ಷ ತುಂಬಿದ ಕೂಡಲೇ ಮಾರುವುದು, ಮುಂದಿನ ಹಾಳುಮನೆಗೆ ಹೋಗುವುದು. ನಲ್ಲಿ ಸೋರುವಾಗ ನಾವಿರುತ್ತೇವೆ, ಸೋರುವುದು ನಿಂತ ಮೇಲೆ ಬೇರೆಯವರು ಬರುತ್ತಾರೆ.

ಅವನು ಬಣ್ಣದಂಗಡಿಯ ಗೋದಾಮು ನೋಡಿಕೊಳ್ಳುತ್ತಾನೆ. ಗಿರಾಕಿಗಳು ಬೇಡವೆಂದು ವಾಪಸು ಮಾಡಿದ, ತಪ್ಪಾಗಿ ಕಲಸಿದ ಬಣ್ಣದ ಡಬ್ಬಗಳು ಅವನಿಗೆ ಮಣ್ಣಿನ ಬೆಲೆಗೆ ಸಿಗುತ್ತವೆ. ಅವನ್ನೆಲ್ಲ ಒಟ್ಟಿಗೆ ಸುರಿದು ಕಲಸಿದರೆ ಯಾವಾಗಲೂ ಒಂದೇ ಥರದ ತೆಳು ಬೂದು ಬಣ್ಣ ಬರುತ್ತದೆ. “ಯಾರಿಗೂ ಇಷ್ಟ ಆಗದಿದ್ರೂ ಪರವಾಗಿಲ್ಲ, ಯಾರಿಗೂ ಬೇಡ ಅನ್ನಿಸಬಾರದು” ಎನ್ನುತ್ತಾನೆ. ಆರು ಮನೆಯೂ ಆ ಬಣ್ಣವೇ. ಬಾಡಿಗೆಗೆ ಯಾಕೆ ಕೊಡಬಾರದು ಎಂದು ಯಾರಾದರೂ ಕೇಳಿದರೆ, “ಬಾಡಿಗೆದಾರ ಅಂದ್ರೆ ಕೈಕಾಲು ಬಂದ ರಿಸ್ಕ್” ಎನ್ನುತ್ತಾನೆ. ತಿರುವಿನ ಮನೆ ಕೊಳ್ಳುವುದಿಲ್ಲ, ಲಾರಿ ನುಗ್ಗಬಹುದು. ಮರದ ಪಕ್ಕದ ಮನೆ ಕೊಳ್ಳುವುದಿಲ್ಲ, ಬೇರು ಪಾಯಕ್ಕೆ ಇಳಿಯಬಹುದು. ಏನು ಕೇಳಿದರೂ ಕತ್ತರಿಸಿ ಹಾಕುತ್ತಾನೆಂದು ನಮ್ಮ ಮಗಳು ಅವನಿಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದಾಳೆ. ಅವನೆದುರೇ ಕರೆಯುತ್ತಾಳೆ, ಅವನು ಅದನ್ನು ಹೊಗಳಿಕೆಯೆಂದು ತಿಳಿದಿದ್ದಾನೆ.

ಅವನನ್ನು ಕೆಟ್ಟವನೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಅವನು ಚಿಕ್ಕವನಿದ್ದಾಗ ಬಾಡಿಗೆ ಮನೆಯ ಮಾಲೀಕ ಒಂದು ಬೆಳಿಗ್ಗೆ ಇವರ ಪಾತ್ರೆ ಪಡಗವನ್ನೆಲ್ಲ ಬೀದಿಗೆ ತಂದಿಟ್ಟನಂತೆ. ಶಾಲೆಯಿಂದ ಬಂದ ಹುಡುಗ ತನ್ನ ಹಾಸಿಗೆಯನ್ನು ಚರಂಡಿಯ ಪಕ್ಕ ನೋಡಿದನಂತೆ. ಆ ಹುಡುಗ ಇನ್ನೂ ಅಲ್ಲೇ ನಿಂತಿದ್ದಾನೆ, ಅಷ್ಟೇ. ನಾನು ಮಾತ್ರ ಅವನ ಜೊತೆ ನಿಂತು ನಿಂತು ಮರಗಟ್ಟಿ ಹೋಗಿದ್ದೆ. ಮೊದಲನೇ ಮನೆ ಬಿಡುವಾಗ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಅತ್ತಿದ್ದೆ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಕೆಳಗೆ ಬೀಳಲಿಲ್ಲ. ಮೂರನೆಯದರಿಂದ ಏನೂ ಇಲ್ಲ. ನಾನು ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಹೊಲಿಗೆಯವಳು. ಬೇರೆಯವರ ಅಂಗಿ ಸಡಿಲ ಮಾಡುತ್ತೇನೆ, ಬಿಗಿ ಮಾಡುತ್ತೇನೆ, ಸಂಜೆ ಹೊತ್ತಿಗೆ ಯಾರ ಅಂಗಿ ಯಾವುದೆಂದು ನೆನಪಿರುವುದಿಲ್ಲ. ಮನೆಗಳ ವಿಷಯವೂ ಹಾಗೇ ಆಯಿತು. ಕತ್ತಲೆಯಲ್ಲಿ ಸ್ವಿಚ್ಚಿಗೆಂದು ಕೈ ಚಾಚಿದರೆ ಎರಡು ಮನೆ ಹಿಂದಿನ ಸ್ವಿಚ್ಚಿನ ಜಾಗಕ್ಕೆ ಕೈ ಹೋಗುತ್ತಿತ್ತು.

ನನಗೇ ಹೀಗಾದರೆ ಅತ್ತೆಯ ಗತಿಯೇನು? ಗಂಡನ ತಾಯಿ ನಮ್ಮ ಜೊತೆಗೇ ಇದ್ದಾರೆ. ಕಣ್ಣು ಮಂಜು, ಮರೆವು ಬಹಳ. ಆದರೆ ನಾಲಿಗೆಗೆ ಇನ್ನೂ ಮೊನಚಿದೆ. “ಬೆಕ್ಕು ಮರಿ ಹಾಕಿದ್ರೆ ಏಳು ಮನೆ ಸುತ್ತಿಸುತ್ತಂತೆ. ನನ್ನ ಮಗ ತಾಯೀನೇ ಸುತ್ತಿಸ್ತಾನೆ. ಬೆಕ್ಕಾದ್ರೂ ಏಳಕ್ಕೆ ನಿಲ್ಲಿಸುತ್ತೆ, ನೋಡೋಣ” ಎಂದು ಸಾಮಾನು ಕಟ್ಟುವಾಗೆಲ್ಲ ಹೇಳುತ್ತಿದ್ದರು. ಐದನೇ ಮನೆಗೆ ಬಂದ ಹೊಸದರಲ್ಲಿ ಬಚ್ಚಲಿಗೆ ಹೋಗಲು ಎದ್ದವರು ಹಿಂದಿನ ಮನೆಯ ಲೆಕ್ಕದಲ್ಲಿ ಎಡಕ್ಕೆ ತಿರುಗಿದರು. ಅಲ್ಲಿ ಮೆಟ್ಟಿಲಿತ್ತು. ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಸಿದ ಡಾಕ್ಟರು ನನ್ನನ್ನು ಹೊರಗೆ ಕರೆದು, “ಇನ್ನೊಂದು ಸಲ ಬಿದ್ರೆ ಏಳಲ್ಲ ಇವರು, ನೋಡ್ಕೊಳ್ಳಿ” ಎಂದರು. ಗಂಡ ಅಂದೇ ಬಚ್ಚಲಿಗೆ ಜಾರದ ಚಾಪೆ ತಂದು ಹಾಸಿದ. ರಿಸ್ಕ್ ಮುಗಿಯಿತು ಎಂದುಕೊಂಡ.

ಆರನೇ ಮನೆ, ಅಂದರೆ ಈಗ ಹೇಳಹೊರಟಿರುವ ಮನೆ, ಏನೂ ದೊಡ್ಡದಲ್ಲ. ಎರಡು ಕೋಣೆ, ಮಧ್ಯೆ ಉದ್ದನೆಯ ಓಣಿಯಂಥ ದಾರಿ, ಅದರ ಕೊನೆಯಲ್ಲಿ ಬಚ್ಚಲು. ಅತ್ತೆಯ ಮಂಚದಿಂದ ಬಚ್ಚಲಿನ ಬಾಗಿಲವರೆಗೆ ಎಡಗಡೆ ಒಂದೇ ಗೋಡೆ, ತಿರುವಿಲ್ಲ. ಮೊದಲ ಕೆಲವು ತಿಂಗಳು ನಾನು ಕೈ ಹಿಡಿದು ಕರೆದೊಯ್ಯುತ್ತಿದ್ದೆ. ಆಮೇಲೆ ಒಂದು ದಿನ ಕೈ ಕೊಡವಿ, ಅಂಗೈಯನ್ನು ಗೋಡೆಗೆ ಒತ್ತಿ, ಸವರಿಕೊಂಡು ತಾವೇ ಹೋದರು. ವಾಪಸು ಬಂದು ಮಂಚದ ಮೇಲೆ ಕೂತು, “ನಿನ್ನ ಕೈ ಬೇಡ ಹೋಗೇ, ಬೆವರುತ್ತೆ” ಎಂದರು. ನಾನು ಅಡುಗೆಮನೆಗೆ ಹೋಗಿ ನಕ್ಕೆ. ಅವತ್ತಿನಿಂದ ಅವರು ಯಾರನ್ನೂ ಕರೆಯಲಿಲ್ಲ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಅಂಗೈಯಗಲದ ಒಂದು ಕಪ್ಪು ಗೆರೆ ಮೂಡಿತು. ತಲೆಗೆ ಹಚ್ಚಿದ ಎಣ್ಣೆ, ಬೆವರು, ಒರಸಿಕೊಂಡ ಊಟದ ಕೈ ಎಲ್ಲ ಸೇರಿ ಆದ ಗೆರೆ. ಬಚ್ಚಲಿನ ಬಾಗಿಲ ಪಕ್ಕದಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಲ್ಲುವ ಕಡೆ ಅದು ಗುಂಡಗೆ, ದಟ್ಟವಾಗಿತ್ತು.

ಆ ಗೆರೆ ನೋಡಿದಾಗ ನನಗೆ ಎಷ್ಟೋ ವರ್ಷದ ಮೇಲೆ ಒಂದು ಆಸೆ ಹುಟ್ಟಿತು. ಈ ಮನೆ ಬಿಡಬಾರದು. ಬೇರೇನೂ ಬೇಡ.

ಎರಡು ವರ್ಷ ತುಂಬುತ್ತ ಬಂದಾಗ ಕೇಳಿಯೇಬಿಟ್ಟೆ. ಅವನು ಊಟ ಮಾಡುತ್ತಿದ್ದ. ದಲ್ಲಾಳಿ ಆಗಲೇ ಗಿರಾಕಿ ಹುಡುಕಿದ್ದ, ಏಳನೇ ಮನೆಗೆ ಮುಂಗಡವೂ ಹೋಗಿತ್ತು.

“ಅತ್ತೆ ಇರೋವರೆಗೆ ಇಲ್ಲೇ ಇರೋಣ” ಎಂದೆ.

“ಇದ್ರೆ ಏನಾಗುತ್ತೆ ಗೊತ್ತಾ? ದುಡ್ಡೆಲ್ಲ ಗೋಡೆಯೊಳಗೆ ಕೂತಿರುತ್ತೆ. ನಾಳೆ ಬೆಲೆ ಬಿದ್ರೆ?”

“ಅತ್ತೆ ಬಿದ್ರೆ?”

ಅವನು ತುತ್ತು ತಟ್ಟೆಗಿಟ್ಟ. “ಅಲ್ಲಿ ಗೋಡೆಗೆ ಹಿಡ್ಕೊಳ್ಳೋಕೆ ಕಂಬಿ ಹಾಕಿಸ್ತೀನಿ” ಎಂದ. “ಸ್ಟೀಲಿಂದು. ನಾಲ್ಕು ಸ್ಕ್ರೂನೇ ಬೇಕಾಗೋದು.”

ನಾಲ್ಕು ಸ್ಕ್ರೂ ಎಂದರೆ ನಾಲ್ಕು ತೂತು. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗವೇ. ನಾನು ತಟ್ಟೆ ಎತ್ತಿಕೊಂಡು ಹೋದೆ. ಬೇಸರವಾಯಿತೇ ಎಂದರೆ ಇಲ್ಲ, ಕಾಲು ಜೋಮು ಹಿಡಿದಾಗ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು.

ಅದೇ ವಾರ ತೆರಿಗೆ ಕಚೇರಿಯಿಂದ ಕರೆ ಬಂತು. ಇಷ್ಟು ಮನೆ ಮಾರಿದವರು ನಿಜವಾಗಿ ಈ ಮನೆಯಲ್ಲಿ ವಾಸವಿದ್ದಾರೋ ಇಲ್ಲವೋ ನೋಡಲು ಅಧಿಕಾರಿಯೊಬ್ಬರು ಬರುತ್ತಾರೆ ಎಂದರು. ಹಳೆಯ ಐದು ಮುಗಿದ ಕಥೆ, ಪ್ರಶ್ನೆ ಇದೊಂದರದೇ. ವಾಸವೆಂದು ಅವರಿಗೆ ಒಪ್ಪಿಗೆಯಾಗದಿದ್ದರೆ ಇವತ್ತಿನಿಂದ ಮತ್ತೆ ಎರಡು ವರ್ಷ ಎಣಿಸಬೇಕು.

“ಆಗ ಮಾರೋ ಹಾಗಿಲ್ಲ, ಇಲ್ಲೇ ಕೊಳೀಬೇಕು” ಎಂದು ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಅವನ ಹಿಂದೆ ನಿಂತಿದ್ದ ನನಗೆ ಎದೆಯಲ್ಲಿ ಏನೋ ಸಣ್ಣಗೆ ಅಲ್ಲಾಡಿದಂತಾಯಿತು. ಸಂತೋಷವೇ ಇರಬೇಕು, ಬಹಳ ದಿನವಾಗಿ ಗುರುತು ಹತ್ತಲಿಲ್ಲ.

ಅವನು ಸುಮ್ಮನೆ ಕೂರುವ ಜಾತಿಯಲ್ಲ. ಮಾರನೆಯ ದಿನ ಮನೆಯೊಳಗೆಲ್ಲ ಕಣ್ಣಾಡಿಸಿ, “ಇದು ಜನ ಇರೋ ಮನೆ ಥರ ಕಾಣ್ತಾನೇ ಇಲ್ವಲ್ಲೇ” ಎಂದ. ಅದು ಅವನಿಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಬೋಳು ಗೋಡೆ, ಬೂದು ಬಣ್ಣ, ಮೂಲೆಯಲ್ಲಿ ಕಟ್ಟಿದ ಪೆಟ್ಟಿಗೆಗಳು. ಯಾರು ನೋಡಿದರೂ ರೈಲಿಗೆ ಕಾಯುತ್ತಿದ್ದಾರೆ ಅನ್ನಬೇಕು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಅವನು ಅಂಗಡಿಯಿಂದ ಅಗ್ಗದ ಫೋಟೋ ಚೌಕಟ್ಟುಗಳ ಕಟ್ಟು ತಂದ. ಸುತ್ತಿಗೆಯನ್ನೂ ತಂದ. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಯಲ್ಲಿ ಮೊಳೆ ಹೊಡೆದ ಸದ್ದು ಕೇಳಿತು. ಒಂದೊಂದು ಏಟಿಗೂ ಅವನ ಮುಖ ಹಲ್ಲು ಕೀಳಿಸಿಕೊಳ್ಳುವವನಂತೆ ಕಿವುಚಿಕೊಳ್ಳುತ್ತಿತ್ತು. ‘ಮುಂದಿನ ಮನೆಗೆ’ ಪೆಟ್ಟಿಗೆ ಬಿಚ್ಚಿದೆವು. ಮದುವೆಯ ಫೋಟೋದ ಅಂಚಿಗೆ ತೇವ ಹಿಡಿದು ನನ್ನ ಅರ್ಧ ಮುಖ ಮಾಸಿತ್ತು. “ಅಮ್ಮ, ನೀನು ಅರ್ಧ ಮಾತ್ರ ವಾಸ ಇದ್ದೀಯ” ಎಂದಳು ಮಗಳು. ಅದನ್ನೂ ನೇತುಹಾಕಿದೆವು.

ಉಳಿದದ್ದು ಅತ್ತೆಯ ಗೆರೆ. “ಗಲೀಜು. ಈಗ ಬಣ್ಣ ಹಚ್ಚಿದ್ರೆ ವಾಸನೆ ಬರುತ್ತೆ, ಬೇಕಂತಲೇ ಹಚ್ಚಿದ್ದು ಅಂತ ಗೊತ್ತಾಗುತ್ತೆ” ಎಂದು ಹಳೇ ಸಾಮಾನಿನವನ ಹತ್ತಿರದಿಂದ ಉದ್ದನೆಯ ಪುಸ್ತಕದ ಕಪಾಟೊಂದನ್ನು ಹೊರಿಸಿಕೊಂಡು ಬಂದು ಆ ಗೋಡೆಗೆ ಒರಗಿಸಿದ. ಗೆರೆಯ ಬಹುಪಾಲು ಮುಚ್ಚಿಹೋಯಿತು. ಕಪಾಟಿನಲ್ಲಿ ಇಡಲು ಮಗಳ ಶಾಲೆಯ ಪುಸ್ತಕ ಬಿಟ್ಟರೆ ನಮ್ಮಲ್ಲಿ ಏನೂ ಇರಲಿಲ್ಲ. ತನ್ನ ಅಂಗಡಿಯ ಬಣ್ಣದ ಮಾದರಿಯ ಪುಸ್ತಕಗಳನ್ನೇ ತಂದು ಜೋಡಿಸಿದ.

“ಅತ್ತೆ ಹೇಗೆ ಹೋಗ್ತಾರೆ?” ಎಂದೆ.

“ಒಂದು ದಿನ ನೀನು ಕೈ ಹಿಡ್ಕೊಂಡು ಹೋಗು. ಸವೆದು ಹೋಗ್ತೀಯಾ?”

ಅಧಿಕಾರಿ ಮಧ್ಯಾಹ್ನ ಬಂದರು. ನನ್ನ ವಯಸ್ಸಿನ ಹೆಂಗಸು, ಮೆಟ್ಟಿಲು ಹತ್ತಿ ದಣಿದಿದ್ದರು. ನೀರು ಕುಡಿದು, ಚಪ್ಪಲಿ ಬಿಟ್ಟ ಜಾಗವನ್ನೂ ಬಿಡದಂತೆ ನೋಡುತ್ತ ಬಂದರು. ಅಲಮಾರಿ ತೆಗೆದು ಬಟ್ಟೆ ನೋಡಿದರು. ಒಲೆಯ ಹಿಂದಿನ ಎಣ್ಣೆ ಜಿಡ್ಡು ನೋಡಲು ಬಗ್ಗಿದರು. ಜಿಡ್ಡೆಲ್ಲಿದೆ? ಗಿರಾಕಿ ಬರುತ್ತಾನೆಂದು ವಾರವಾರವೂ ಒರೆಸುವವಳು ನಾನು. ಗಂಡ ಅವರ ಹಿಂದೆ ಹಿಂದೆ ನಡೆಯುತ್ತ ಕೇಳದೆ ಇದ್ದದ್ದಕ್ಕೂ ಉತ್ತರ ಹೇಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಅದೇ.

ಅವರು ಒಂದು ಚೌಕಟ್ಟಿನ ಮುಂದೆ ನಿಂತರು. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕೂತು ನಗುತ್ತಿದ್ದರು.

“ಇವರು ಯಾರು?”

ಗಂಡ ನೋಡಿದ. ನಾನೂ ನೋಡಿದೆ. ಚೌಕಟ್ಟಿನ ಜೊತೆ ಅಂಗಡಿಯಿಂದಲೇ ಬಂದ ಮಾದರಿ ಚಿತ್ರ. ಗಡಿಬಿಡಿಯಲ್ಲಿ ಬದಲಾಯಿಸಲು ಮರೆತಿದ್ದ.

“ನನ್ನ ತಮ್ಮನ ಸಂಸಾರ ಮೇಡಂ” ಎಂದ.

ಮಗಳು ಬಾಯಿಗೆ ದುಪಟ್ಟ ತುರುಕಿಕೊಂಡು ಒಳಗೆ ಓಡಿದಳು. ಅಧಿಕಾರಿ ಮುಂದಿನ ಚೌಕಟ್ಟಿಗೆ ಹೋದರು. ಅದರಲ್ಲೂ ಹುಲ್ಲು, ಅದೇ ತಮ್ಮನ ಸಂಸಾರ. ಮೊಳೆಯ ಕೆಳಗೆ ನೆಲದ ಮೇಲೆ ಉದುರಿದ್ದ ಸುಣ್ಣದ ಪುಡಿಯನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು.

“ಇವತ್ತೇ ಹೊಡೆದದ್ದಾ?” ಎಂದು ನನ್ನನ್ನು ಕೇಳಿದರು.

ಗಂಡ ನನ್ನ ಮುಖ ನೋಡಿದ. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, “ಮನೆ ಕೆಲಸ ನಡೀತಾನೇ ಇರುತ್ತೆ” ಎಂದೆ. ಅವರು ಪೆನ್ನು ತೆಗೆದರು. ಅವರು ಏನು ಬರೆಯಲಿದ್ದಾರೆಂದು ಅವರ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ನಾನು ಮಾಡಬೇಕಾದ್ದು ಒಂದೇ, ಸುಮ್ಮನೆ ನಿಲ್ಲುವುದು. ಸುಮ್ಮನೆ ನಿಲ್ಲುವುದರಲ್ಲಿ ನನ್ನಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಇನ್ನೆರಡು ವರ್ಷ, ಈ ಗೋಡೆ, ಅತ್ತೆಯ ಕಾಲು ನೆಟ್ಟಗೆ.

ಆಗ ಅತ್ತೆ ಎದ್ದರು.

ಮಂಚ ಕಿರುಗುಟ್ಟಿತು, ಕೈ ಗೋಡೆಗೆ ಹೋಯಿತು, ಎಂದಿನಂತೆ ಸವರಿಕೊಂಡು ಹೊರಟರು. ಸ್ವಲ್ಪ ದೂರಕ್ಕೇ ಕೈ ಕಪಾಟಿಗೆ ಬಡಿಯಿತು. ನಿಂತರು. ಮತ್ತೆ ಮುಟ್ಟಿದರು. ಅಲ್ಲಿ ಗೋಡೆ ಇಲ್ಲ, ಪುಸ್ತಕದ ಬೆನ್ನುಗಳಿವೆ. ಅವರ ಮುಖದಿಂದ ಮನೆ ಹೊರಟುಹೋಗುವುದನ್ನು ನಾನು ನೋಡಿದೆ.

“ಇದು ಯಾರ ಮನೆ?” ಎಂದರು. “ಯಾರಿದ್ದೀರಿ? ನನ್ನ ಎಲ್ಲಿಗೆ ಕರ್ಕೊಂಡು ಬಂದ್ರಿ?”

“ಅಮ್ಮನಿಗೆ ಮರೆವು ಮೇಡಂ” ಎಂದು ಗಂಡ ಬೆವರಿದ. ಅಧಿಕಾರಿಯ ಪೆನ್ನು ಗಾಳಿಯಲ್ಲಿ ನಿಂತಿತ್ತು.

“ಬಚ್ಚಲು ಎಲ್ಲಿ? ಅರ್ಜೆಂಟಾಗಿದೆ. ಯಾರಾದ್ರೂ ಹೇಳ್ರಪ್ಪಾ” ಎಂದು ಅತ್ತೆ ಕಪಾಟಿನ ಕಡೆಗೇ, ಎಡಕ್ಕೆ ತಿರುಗಿದರು. ಹಳೆಯ ಮನೆಯ ಮೆಟ್ಟಿಲಿದ್ದ ಎಡಕ್ಕೆ. ಅವರ ಧ್ವನಿಯಲ್ಲಿ ನಾಚಿಕೆಯಿತ್ತು. ಪರರ ಮನೆಯಲ್ಲಿ ಬಟ್ಟೆ ಒದ್ದೆ ಮಾಡಿಕೊಂಡೇನು ಎಂಬ ನಾಚಿಕೆ. ಅದು ನನ್ನನ್ನು ಚುಚ್ಚಿತು, ಜೋಮು ಬಿಟ್ಟ ಕಾಲಿನಲ್ಲಿ ಸೂಜಿ ಆಡುತ್ತದಲ್ಲ, ಹಾಗೆ. ಅವರನ್ನು ಅಲ್ಲೇ ನಿಲ್ಲಿಸಿ ಎರಡು ವರ್ಷ ಗಳಿಸಲು ನನ್ನಿಂದ ಆಗಲಿಲ್ಲ.

ಕಪಾಟಿನ ಹಿಂದೆ ಕೈ ತೂರಿಸಿ ಜೋರಾಗಿ ಎಳೆದು ಆಚೆ ತಳ್ಳಿದೆ. ಬಣ್ಣದ ಪುಸ್ತಕಗಳು ಧಡಧಡ ಬಿದ್ದವು. ಗಂಡ “ಏಯ್!” ಎಂದ. ಅತ್ತೆಯ ಕೈ ಹಿಡಿದು ಬೋಳು ಗೋಡೆಯ ಮೇಲೆ, ಆ ಗೆರೆಯ ಮೇಲೆ ಇಟ್ಟೆ. ಅಂಗೈ ಅಂಟಿದ ಕೂಡಲೇ ಅವರ ಮೈ ಸಡಿಲವಾಯಿತು.

“ಇಲ್ಲೇ ಇದೆಯಲ್ಲ, ಸರಿ ಸರಿ” ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು. ನಮ್ಮ ಮೂವರ ಎದುರು ನೆಟ್ಟಗೆ ನಡೆದು, ಬಾಗಿಲ ಪಕ್ಕ ಎಂದಿನ ಜಾಗದಲ್ಲಿ ನಿಂತು ಉಸಿರು ತೆಗೆದುಕೊಂಡು, ನೋಡದೆಯೇ ಸ್ವಿಚ್ಚು ಒತ್ತಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಅಧಿಕಾರಿ ಗೋಡೆಯ ಹತ್ತಿರ ಹೋದರು. ಮಂಚದಿಂದ ಬಾಗಿಲವರೆಗೆ ಗೆರೆಯ ಮೇಲೆ ಕಣ್ಣಾಡಿಸಿದರು. ಕೊನೆಯ ಗುಂಡು ಕಲೆಯ ಮೇಲೆ ತಮ್ಮ ಅಂಗೈಯಿಟ್ಟು ನೋಡಿದರು.

“ಇದನ್ನ ಯಾಕ್ರೀ ಮುಚ್ಚಿದ್ರಿ?” ಎಂದು ಗಂಡನನ್ನು ಕೇಳಿದರು. “ಇದೊಂದೇ ಸಾಕಿತ್ತು.”

ಅಲ್ಲೇ ನಿಂತು ಬರೆದರು. ವಾಸದ ಮನೆ, ಎರಡು ವರ್ಷ ಪೂರ್ಣ. ಹೋಗುವಾಗ ನನ್ನ ತೋಳು ಮುಟ್ಟಿ, “ನಮ್ಮಮ್ಮನಿಗೂ ಹೀಗೇ” ಎಂದರು. ಒಳ್ಳೆಯ ಹೆಂಗಸು. ನನಗೆ ಎಂಥ ಉಪಕಾರ ಮಾಡಿದರೆಂದು ಅವರಿಗೆ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿದ್ದೇ ತಡ, ಗಂಡ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. “ಎಷ್ಟು ಉಳಿಸಿದೆ ಗೊತ್ತಾ ನೀನು? ನನ್ನ ತಲೆಗೇ ಹೊಳೆದಿರಲಿಲ್ಲ. ಪ್ರಾಣ ಉಳಿಸಿದೆ ಕಣೇ!” ಮದುವೆಯಾದ ಮೇಲೆ ಅವನು ನನ್ನನ್ನು ಅಷ್ಟು ಹೊಗಳಿದ್ದು ಅದೇ ಮೊದಲು. ಬಚ್ಚಲಿನೊಳಗೆ ಅತ್ತೆ ನೀರು ಸುರಿದುಕೊಳ್ಳುವ ಸದ್ದು ಬರುತ್ತಿತ್ತು. ನಾನು ಬಿದ್ದ ಪುಸ್ತಕ ಆಯತೊಡಗಿದೆ. ಮೈಯೆಲ್ಲ ಮತ್ತೆ ತಣ್ಣಗಾಗಿತ್ತು.

ಮುಂದಿನದೆಲ್ಲ ನಮಗೆ ರೂಢಿಯಾದದ್ದೇ. ಮೊಳೆ ಕಿತ್ತು, ತೂತು ಮುಚ್ಚಿ, ಬಣ್ಣ ಕಲಸಿದ. ಅತ್ತೆಯ ಗೋಡೆಗೆ ಒಂದು ಕೋಟು ಸಾಲಲಿಲ್ಲ, ಎಣ್ಣೆ ಗೆರೆ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. “ಅಮ್ಮ ಬಿಡ್ತಿಲ್ಲ ನೋಡು” ಎಂದು ನಗುತ್ತ ಮೂರನೇ ಸಲ ರೋಲರ್ ಎಳೆದ. ನಾನು ಬಾಗಿಲಲ್ಲಿ ನಿಂತು ಅದು ಮಾಯವಾಗುವವರೆಗೂ ನೋಡಿದೆ. ಅಳು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಮದುವೆಯ ಫೋಟೋ ಮತ್ತೆ ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆಯ ಮೇಲೆ ಹೊಸದಾಗಿ ಏನೂ ಬರೆಯಬೇಕಿರಲಿಲ್ಲ.

ಏಳನೇ ಮನೆಯಲ್ಲಿ ಬಚ್ಚಲು ಬಲಕ್ಕಿದೆ. ನಡುವೆ ಎರಡು ತಿರುವು, ಒಂದು ಹೊಸ್ತಿಲು. ಮೊದಲ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಗಂಡ ಅತ್ತೆಯ ಮಂಚದ ಪಕ್ಕ ನಿಂತಿದ್ದ. ಗೋಡೆಗೆ ಸ್ಟೀಲಿನ ಕಂಬಿ ಹಾಕಿದ್ದ, ಮಾತು ತಪ್ಪಿರಲಿಲ್ಲ. ಆದರೆ ಅತ್ತೆಯ ಎಡಗೈ ಇನ್ನೊಂದು ಕಡೆ, ಗೋಡೆಯೇ ಇಲ್ಲದ ಕಡೆ ಚಾಚಿತ್ತು. ಬರೀ ಗಾಳಿಯನ್ನು ಮೆಲ್ಲಗೆ ಸವರುತ್ತಿದ್ದರು. ಅವನು ಆ ಕೈ ಹಿಡಿದು ಕಂಬಿಯ ಮೇಲಿಟ್ಟ. ತಣ್ಣಗಿದ್ದಿರಬೇಕು, ಅವರು ಬೆದರಿ ಹಿಂದಕ್ಕೆ ಎಳೆದುಕೊಂಡರು. ಅವನು ಮತ್ತೆ ಇಟ್ಟ. ಮತ್ತೆ ಎಳೆದುಕೊಂಡರು. ಕೊನೆಗೆ ಅವನು ಕಂಬಿ ಬಿಟ್ಟು ತನ್ನ ಕೈಯನ್ನೇ ಕೊಟ್ಟ.

“ಇದು ಯಾರ ಮನೆಯೋ?” ಎಂದು ಅತ್ತೆ ಕೇಳಿದರು.

“ನಮ್ದೇ ಅಮ್ಮ. ಸ್ವಂತದ್ದು.”

ಅತ್ತೆ ತಲೆಯಾಡಿಸಿದರು.

“ಹಾಗಾದ್ರೆ ಯಾವಾಗ ಬಿಡೋದು?”

ಅವನು ಬಾಯಿ ತೆರೆದ. ಆ ತಾರೀಖು ಅವನಿಗೆ ಬಾಯಿಪಾಠವಾಗಿತ್ತು. ಆದರೆ ಹೇಳಲಿಲ್ಲ. ತಾಯಿಯ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದ.